ಏಲಕ್ಕಿ ಜರಡಿಯಲ್ಲಿ ಅಳೆದ ಗುಂಡು

ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿ ಅಯ್ಯಾವು ಅವರ ಹಗಲುಗನಸಿಗೆ ಕಳ್ಳರು ಬರುವುದು ಘಾಟಿ ರಸ್ತೆಯ ತಿರುವಿನಲ್ಲೇ. ಸುತ್ತ ಮಂಜು. ಜೀಪಿನ ಹಿಂದಿನಿಂದ ಏಲಕ್ಕಿ ಮೂಟೆಗಳ ಘಮ. ಅಯ್ಯಾವು ಅವಸರವಿಲ್ಲದೆ ಇಳಿದು ಕೋಟಿನೊಳಗಿನಿಂದ ಪುಟ್ಟ ಪಿಸ್ತೂಲು ತೆಗೆಯುತ್ತಾರೆ. ಕಳ್ಳರು ಕೈಮುಗಿದು ಮಂಜಿನಲ್ಲಿ ಕರಗಿಹೋಗುತ್ತಾರೆ. ಅಯ್ಯಾವು ಅವರಿಗೆ ಕೋಟೇ ಇಲ್ಲ, ಕಳ್ಳರು ಇದುವರೆಗೆ ಬಂದೂ ಇಲ್ಲ. ಪಿಸ್ತೂಲು ಮಾತ್ರ ನಿಜ, ಅದರ ಲೈಸೆನ್ಸೂ ನಿಜ.

ಹೆಬ್ಬೆರಳಿನ ನೋವೂ ಅಷ್ಟೇ ನಿಜ. ಪಿಸ್ತೂಲಿನ ಹಿಡಿಯೊಳಗೆ ಕೂರುವ ಮ್ಯಾಗಜೀನಿಗೆ ಗುಂಡುಗಳನ್ನು ಒಂದೊಂದಾಗಿ ಒತ್ತಿ ತುಂಬಬೇಕು. ಅದರ ಸ್ಪ್ರಿಂಗು ಮೊದಮೊದಲು ವಿನಯದಿಂದ ಬಗ್ಗಿ, ಕೊನೆಗೆ ಬೀಗರ ಹಾಗೆ ಬಿಗಿದುಕೊಳ್ಳುತ್ತದೆ. ದಿಂಡಿಗಲ್ ಹತ್ತಿರದ ರೈಫಲ್ ಕ್ಲಬ್ಬಿನಲ್ಲಿ ಇಷ್ಟು ದಿನ ತುಂಬಿಕೊಡುತ್ತಿದ್ದವಳು ಮಗಳು ಪಾಂಡೀಶ್ವರಿ. ಅವಳೂ ಅಲ್ಲಿನ ಸದಸ್ಯೆ. ಮೇಲ್ವಿಚಾರಕ ವಿಘ್ನೇಶ್ವರನ್ ಅದನ್ನು ನೋಡಿ ಎಲ್ಲರೆದುರೇ ಅಂದುಬಿಟ್ಟ:

"ತಮ್ಮ ಮ್ಯಾಗಜೀನ್ ತಾವೇ ತುಂಬೋಕೆ ಆಗದವರು ಬರೋ ಭಾನುವಾರದಿಂದ ಗುಂಡು ಹೊಡೆಯೋ ಗೆರೆ ಮೇಲೆ ನಿಲ್ಲೋ ಹಾಗಿಲ್ಲ ಸಾರ್. ಬೆಂಚಲ್ಲಿ ಕೂತು ನೋಡಿ."

ಬೆಂಚು! ಏಲಕ್ಕಿ ಹರಾಜಿನಲ್ಲಿ ಮುಂದಿನ ಸಾಲು ಬಿಟ್ಟು ಕೂತವರಲ್ಲ ಅಯ್ಯಾವು. ಗುಂಡು ತುಂಬಲು ಲೋಡರ್ ಎಂಬ ಸಲಕರಣೆ ಸಿಗುತ್ತದೆಂದು ಕೇಳಿ, ಅಂದೇ ಫೋನಿನಲ್ಲಿ ಹುಡುಕಿದರು. ಅಳತೆ ಯಾವುದು ಎಂದು ಅದು ಕೇಳಿತು. ಬೋಡಿಯಲ್ಲಿ ಉರುಟಾದದ್ದೇನಿದ್ದರೂ ಅಳೆಯುವುದು ಒಂದೇ ರೀತಿ. ಅಯ್ಯಾವು ಕಾಯಿಯ ದಪ್ಪ ವಿಂಗಡಿಸುವ ಎಂಟು ಮಿಲಿಮೀಟರಿನ ಏಲಕ್ಕಿ ಜರಡಿ ತಂದು, ಅದರ ಕಣ್ಣಿಗೆ ಗುಂಡನ್ನು ಇಳಿಬಿಟ್ಟರು. ಮೂತಿ ಇಳಿಯಿತು, ಬುಡ ಸಿಕ್ಕಿಕೊಂಡಿತು.

"ಎಂಟು ದಾಟ್ತಿಲ್ಲ. ಒಂಬತ್ತೇ! ಒಳ್ಳೆ ದಪ್ಪ ಮಾಲು!" ಎಂದು ಉಬ್ಬಿದರು.

"ಎನ್ನಂಗ, ಪಾಯಸಕ್ಕೆ ಹಾಕ್ಲಾ, ಮೂಟೆ ಕಟ್ಲಾ?" ಎಂದಳು ಹೆಂಡತಿ ಮುತ್ತುಸೆಲ್ವಿ. ಗಂಡನನ್ನು ಕರೆಯುವುದಷ್ಟೇ ತಮಿಳಿನಲ್ಲಿ.

ಒಂಬತ್ತರ ಲೋಡರ್ ಬಂತು. ಅದರೊಳಗೆ ಅವರ ತೆಳ್ಳನೆಯ ಮ್ಯಾಗಜೀನು ದೊಡ್ಡಪ್ಪನ ಅಂಗಿ ತೊಟ್ಟವರಂತೆ ಅಲ್ಲಾಡಿತು.

"ಅಪ್ಪಾ, ಇದು ಏಲಕ್ಕಾ ಇಲ್ಲೆಪ್ಪಾ," ಎಂದಳು ಪಾಂಡೀಶ್ವರಿ. ಮನೆಯವರು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಇದು ಏಲಕ್ಕಿಯಲ್ಲ, ಅಳೆಯಬೇಕಾದ್ದು ಗುಂಡಿನ ದಪ್ಪವಲ್ಲ, ಮ್ಯಾಗಜೀನಿನ ಅಗಲ ಎಂದು ಅವಳು ಬಿಡಿಸಿ ಹೇಳಿದಳು.

"ಅದು ನನಗೆ ಗೊತ್ತಿತ್ತು. ಜರಡಿಗೆ ಗೊತ್ತಿರಲಿಲ್ಲ," ಎಂದರು ಅಯ್ಯಾವು.

ಶನಿವಾರ ಖಾಲಿ ಮ್ಯಾಗಜೀನು ಹಿಡಿದು ಮೂವರೂ ದಿಂಡಿಗಲ್ಲಿನ ಬಂದೂಕಿನ ಅಂಗಡಿಗೆ ಹೊರಟರು. ಬತ್ತಲಗುಂಡು ಊರು ದಾಟುವಾಗ ಬೆಟ್ಟಗಳು ನೀಲಿ ಹೊಗೆಯಂತೆ ತೇಲಿದವು; ಅಯ್ಯಾವು ಕಣ್ಣು ಅರೆಮುಚ್ಚಿ ತಾವೂ ಸ್ವಲ್ಪ ತೇಲಿದರು.

ಅಂಗಡಿಯ ಕರುಪ್ಪಯ್ಯ ಮುಂದಿಟ್ಟವುಗಳಲ್ಲಿ ಎರಡು ಹೊಂದಿಕೊಂಡವು. ಒಂದು ಕರಿ ಲೋಹದ್ದು, ಒತ್ತುವ ಸನ್ನೆಕೋಲು ಇದ್ದದ್ದು, ನೋಡಿದರೆ ಮಿಲಿಟರಿಯವರೇ ಬಂದಂತೆ ಇತ್ತು. ಇನ್ನೊಂದು ಮ್ಯಾಗಜೀನಿನ ಬಾಯಿಗೆ ಟೋಪಿಯಂತೆ ಕೂರುವ ಪ್ಲಾಸ್ಟಿಕ್ ತುಂಡು, ಅಚ್ಚ ಅರಿಶಿನ ಬಣ್ಣದ್ದು. ಕರಿಯದನ್ನು ಹಿಡಿದು ಕ್ಲಬ್ಬಿನೊಳಗೆ ನಡೆದುಹೋಗುವ ತಮ್ಮನ್ನೇ ಅಯ್ಯಾವು ಮನಸ್ಸಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಸನ್ನೆಕೋಲು ಒತ್ತಿದರು. ಅದನ್ನು ಒತ್ತಬೇಕಾದ್ದು ಹೆಬ್ಬೆರಳಿನಿಂದಲೇ. "ಅಮ್ಮಾ!"

ಹಳದಿಯದನ್ನು ಅಂಗೈಯಿಂದ ಒತ್ತಿದರೆ ಸಾಕಿತ್ತು. ಪರೀಕ್ಷೆಗೆಂದು ಕರುಪ್ಪಯ್ಯ ಕೊಟ್ಟ ಹುಸಿಗುಂಡುಗಳು ಒಂದೊಂದಾಗಿ ಒಳಗಿಳಿದವು.

"ಇದರಲ್ಲಿ ಕಪ್ಪು ಇಲ್ವಾ?"

"ಕಪ್ಪು ಮುಗಿದೋಯ್ತು, ಅಣ್ಣಾಚ್ಚಿ."

"ಬಣ್ಣ ನೋಡೋಕೆ ನೀವೇನು ಸೀರೆ ತಗೋತಿದೀರಾ?" ಎಂದಳು ಮುತ್ತುಸೆಲ್ವಿ.

ಭಾನುವಾರ ಅಯ್ಯಾವು ಗೋಡೆಗೆ ಮುಖ ಮಾಡಿ ಹಳದಿ ಟೋಪಿಯನ್ನು ಕಿಸೆಯಿಂದ ತೆಗೆಯುತ್ತಿದ್ದರು.

"ಸಾರ್, ಗೋಡೆ ಕಡೆ ಅಲ್ಲ. ಗೆರೆ ಹತ್ತಿರ ಬಂದು, ಗುರಿ ಕಡೆ ನೋಡ್ಕೊಂಡು ತುಂಬಿ," ಎಂದ ವಿಘ್ನೇಶ್ವರನ್.

ಬಂದರು. ಎಲ್ಲರೂ ನೋಡಿದರು, ಯಾರೋ ಕಿಸಕ್ಕನೆ ನಕ್ಕರು. ಅಯ್ಯಾವು ಅಂಗೈಯಿಂದ ಒತ್ತಿದರು, ಮತ್ತೆ ಒತ್ತಿದರು. ಕೊನೆಯ ಗುಂಡೂ ಸದ್ದಿಲ್ಲದೆ ಇಳಿಯಿತು. ವಿಘ್ನೇಶ್ವರನ್ ಬಗ್ಗಿ ನೋಡಿ ತಲೆಯಾಡಿಸಿದ. "ನಿಲ್ಲಿ ಸಾರ್."

ಅಯ್ಯಾವು ನಿಂತರು. ಸೀಟಿ ಊದಿದ್ದು, ಅಕ್ಕಪಕ್ಕದವರು ಹೊಡೆದದ್ದು ಎಲ್ಲೋ ದೂರದ ಊರಿನ ಸುದ್ದಿಯಂತೆ ಕೇಳಿಸಿತು. ಬಿಸಿಲಿನಲ್ಲಿ ಗುರಿಯ ಕಾಗದ ಮೆಲ್ಲಗೆ ತೂಗುತ್ತಿತ್ತು. ಎಷ್ಟು ಚೆನ್ನಾಗಿದೆ, ಗೆರೆ ಮೇಲೆ ನಿಲ್ಲುವುದು!

"ಅಪ್ಪಾ, ಹೊಡೀಪ್ಪಾ!" ಗಡಿಬಿಡಿಯಲ್ಲಿ ಪಾಂಡೀಶ್ವರಿಯ ಬಾಯಿಗೆ ಕನ್ನಡವೇ ಬಂದಿತ್ತು.

ಹೊಡೆದರು. ಪಕ್ಕದವರ ಕಾಗದದಲ್ಲಿ ಅಚ್ಚುಕಟ್ಟಾದ ತೂತೊಂದು ಬಿತ್ತು. ಅಯ್ಯಾವು ಅದನ್ನು ತೃಪ್ತಿಯಿಂದ ನೋಡಿದರು. ಹಿಂದೆ ಬೆಂಚು ಖಾಲಿಯಿತ್ತು.