ಬೆಂಕಿಯ ಮೂಲ, ಸರಿ

ನಮ್ಮ ಒಲೆಯ ಬಲಗಡೆಯ ಗುಂಡಿಯ ಮೇಲಿದ್ದ ಬಿಳಿ ಗೆರೆ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಗ್ಯಾಸ್ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ನೋಡಿ ಹೇಳುವಂತಿರಲಿಲ್ಲ. ಬೆರಳಿಟ್ಟು ತಿರುಗಿಸಿಯೇ ತಿಳಿಯಬೇಕಿತ್ತು.

2014ರ ಸುಮಾರಿನ ಮಾತು. ಗಲ್ಫಿನಲ್ಲಿ, ಅಲ್ ಮುರಕ್ಕಬಾತ್ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಅಮ್ಮ, ಅಣ್ಣ, ನಾನು ಇದ್ದೆವು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅಮ್ಮನನ್ನು ಉಡುಪಿಯಿಂದ ಕರೆಸಿಕೊಂಡಿದ್ದ. ಈ ಊರಿನಲ್ಲಿ ತನ್ನದು ಎಂದು ಅವಳಿಗೆ ಅನ್ನಿಸಿದ್ದ ಜಾಗ ಅಡುಗೆಮನೆ ಒಂದೇ. ಆ ಚಳಿಗಾಲದಲ್ಲಿ ಅವಳಿಗೆ ಮರೆವು ಶುರುವಾಯಿತು. ಹಾಲು ಉಕ್ಕಿ ಉರಿ ನಂದಿದರೂ ಗ್ಯಾಸ್ ಬರುತ್ತಲೇ ಇರುತ್ತಿತ್ತು. ಹಾಗೆ ಆದದ್ದು ಒಮ್ಮೆಯಲ್ಲ. ಕೊನೆಯ ಸಲ ಎದುರು ಫ್ಲ್ಯಾಟಿನ ಮಲಯಾಳಿ ಹೆಂಗಸು ವಾಸನೆ ಹಿಡಿದು ಬಂದು ಬೆಲ್ ಒತ್ತಿದಾಗ ಅಮ್ಮ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

"ಇನ್ನೊಂದು ಸಲ ಹೀಗಾದ್ರೆ ಖಲಾಸ್," ಅಂದ ಅಣ್ಣ. "ಸಿಲಿಂಡರ್ ವಾಪಸ್ ಕೊಡ್ತೇನೆ. ಕರೆಂಟ್ ಒಲೆ ತರ್ತೇನೆ, ಅದನ್ನೂ ನೀನು ಮುಟ್ಟುವುದು ಬೇಡ. ಮಧ್ಯಾಹ್ನಕ್ಕೆ ಮೆಸ್ಸಿಂದ ಊಟ ಬರ್ತದೆ."

"ನನ್ನನ್ನು ಎಂತ ಮಾಡ್ತಿ ಹಾಗಾದ್ರೆ? ಶೋಕೇಸಿನಲ್ಲಿ ಇಡ್ತಿಯಾ?" ಅಂದಳು ಅಮ್ಮ.

ನಾನು ಆಗ ಜಪಾನಿನವರ ವರ್ಕ್‌ಶಾಪ್ ಒಂದರಲ್ಲಿ ದುಭಾಷಿ. ಪದವಿಯ ಜೊತೆಗೆ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತಿದ್ದೆ. ಆ ಭಾಷೆಯಲ್ಲಿ ಬೆಂಕಿಗೆ 'ಹಿ' ಅನ್ನುತ್ತಾರೆ. ತೀರಾ ನಾಚಿಕೆಯಾದವರು 'ಮುಖದಿಂದ ಬೆಂಕಿ ಹೊರಟಿತು' ಅನ್ನುತ್ತಾರೆ. ಸಣ್ಣ ಉರಿಗೆ 'ತೊರೊಬಿ'. ಮತ್ತೆ ಹೊತ್ತಿಸಲೆಂದು ಉಳಿಸಿಟ್ಟ ಕಿಡಿ 'ತಾನೆಬಿ', ಅಂದರೆ ಬೀಜದ ಬೆಂಕಿ. ಚಳಿಗಾಲದ ರಾತ್ರಿಗಳಲ್ಲಿ ಮರದ ತುಂಡುಗಳನ್ನು ಒಂದಕ್ಕೊಂದು ತಟ್ಟುತ್ತ, 'ಹಿ ನೋ ಯೋಜಿನ್', ಬೆಂಕಿ ಜಾಗ್ರತೆ, ಎಂದು ಕೂಗಿಕೊಂಡು ಬೀದಿ ಸುತ್ತುವ ಪದ್ಧತಿಯೂ ಅಲ್ಲಿದೆ. ಮರದ ಮನೆಗಳಲ್ಲಿ ಬಾಳಿದ ಜನರಿಗೆ ಬೆಂಕಿಯ ಬಗ್ಗೆ ಇಷ್ಟು ಮಾತು ಬೇಕಾಗಿದ್ದೀತು.

ವರ್ಕ್‌ಶಾಪಿನಲ್ಲಿ ದಿನವೂ ಕೇಳುತ್ತಿದ್ದ ಮಾತು 'ಹಿ ನೋ ಮೊತೊ', ಬೆಂಕಿಯ ಮೂಲ. ವೆಲ್ಡಿಂಗ್ ಶುರು ಮಾಡುವ ಮುಂಚೆ, ಮುಗಿಸಿದ ಮೇಲೆ, ಪ್ರತಿಯೊಬ್ಬನೂ ಗ್ಯಾಸಿನ ವಾಲ್ವಿಗೆ ತೋರುಬೆರಳು ನೀಟಿ ಹಿಡಿದು "ಹಿ ನೋ ಮೊತೊ, ಯೋಶಿ!" ಎಂದು ಗಟ್ಟಿಯಾಗಿ ಕೂಗಬೇಕು. 'ಯೋಶಿ' ಎಂದರೆ ಸರಿ. ಬೆರಳು ತೋರಿಸುವಾಗ ಕಣ್ಣು ಅಲ್ಲಿಗೆ ಹೋಗುತ್ತದೆ, ಕೂಗುವಾಗ ಮನಸ್ಸು ಬೇರೆಡೆ ಹೋಗುವುದಿಲ್ಲ ಎನ್ನುವುದು ಅದರ ಲೆಕ್ಕ. ವೆಲ್ಡರುಗಳಿಗೆ ಇದು ಆಟವಾಗಿತ್ತು. "ಮೇಡಂ, ಮದುವೆಗೆ ಮೊದಲು ಮಾವನ ಮನೆಗೂ ಹೀಗೆ ಬೆರಳು ತೋರಿಸಿ ನೋಡಿದ್ದರೆ ನಾನು ಬಚಾವಾಗುತ್ತಿದ್ದೆ," ಎಂದು ಬಿಹಾರದವನೊಬ್ಬ ಹಿಂದಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ.

ಸಾಲಿನಲ್ಲಿ ನಿಂತು ನಾನೂ ಬೆರಳು ತೋರಿಸುತ್ತಿದ್ದೆ. ಧ್ವನಿ ಮಾತ್ರ ಹೊರಡುತ್ತಿರಲಿಲ್ಲ, ತುಟಿ ಅಲ್ಲಾಡುತ್ತಿತ್ತು. ಜಪಾನಿನ ಮೇಲ್ವಿಚಾರಕರು ಅದನ್ನು ಗಮನಿಸಿದ್ದರು. "ಇದು ನಮಗೆ ಕೇಳಿಸಲಿ ಅಂತಲ್ಲ," ಎಂದರು ಒಮ್ಮೆ. "ನಿಮ್ಮ ಕಿವಿಗೆ ಕೇಳಿಸಬೇಕು."

ಆ ಶನಿವಾರ ಸಂಜೆ ಅಮ್ಮ ಪಾಯಸಕ್ಕೆ ಇಟ್ಟಿದ್ದಳು. ನಾನು ಅಡುಗೆಮನೆಗೆ ಹೋಗಿ ವರ್ಕ್‌ಶಾಪಿನ ಪದ್ಧತಿಯನ್ನು ವಿವರಿಸಿದೆ. "ಅಡುಗೆ ಆದ ಮೇಲೆ ಗುಂಡಿಗೆ ಬೆರಳು ತೋರಿಸಿ, 'ಒಲೆ ಆರಿದೆ' ಅಂತ ಜೋರಾಗಿ ಹೇಳು. ಅಷ್ಟೇ."

ಅಮ್ಮ ಸೌಟು ನಿಲ್ಲಿಸಿದಳು. "ದೀಪ ಹಚ್ಚುವ ಹೊತ್ತಲ್ಲಿ ಎಂತ ಮಾತು ಅದು? ಒಲೆ ಆರಿತು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?"

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುವುದಿಲ್ಲ, ದೀಪ ದೊಡ್ಡದು ಮಾಡು ಅನ್ನುತ್ತಾರೆ. ಒಲೆಯನ್ನು ಅಮ್ಮ ಕೈಯಲ್ಲಿ ಆರಿಸುತ್ತಿದ್ದಳೇ ಹೊರತು ಆ ಮಾತನ್ನು ಬಾಯಿಗೆ ತಂದವಳಲ್ಲ.

ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಆಫ್ ಅಂತ ಹೇಳಮ್ಮ. ಇಂಗ್ಲಿಷಿನಲ್ಲಿ ದೋಷ ಇಲ್ಲ."

"ಇಂಗ್ಲಿಷಿನಲ್ಲಿ ಹೇಳಿದ್ರೆ ಅಗ್ನಿಗೆ ಅರ್ಥ ಆಗುದಿಲ್ವಾ? ದೊಡ್ಡ ಪಂಡಿತ!"

"ನೋಡು," ಅಂದ ಅಣ್ಣ ನನಗೆ, "ಹೇಳಲಿಕ್ಕೇ ಹೆದರುವವರು ಮಾಡಲಿಕ್ಕೆ ಮರೆಯದೆ ಇರ್ತಾರಾ? ನಾನು ನಾಳೆಯೇ ಸಿಲಿಂಡರಿನವನಿಗೆ ಫೋನ್ ಮಾಡ್ತೇನೆ."

ಅಮ್ಮ ಪಾಯಸವನ್ನು ಮತ್ತೆ ಕದಡತೊಡಗಿದಳು. ಕೈ ಅಗತ್ಯಕ್ಕಿಂತ ಜೋರಾಗಿ ಹೋಗುತ್ತಿತ್ತು.

ಜಪಾನಿನವರು ಆರಿದೆ ಎಂದೇನೂ ಹೇಳುವುದಿಲ್ಲವಲ್ಲ ಎಂಬುದು ಆಗ ನೆನಪಾಯಿತು. ವರ್ಷಗಟ್ಟಲೆ ಕೇಳಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ. "ಅಮ್ಮ, ಅವರು ಹೇಳುವುದು 'ಬೆಂಕಿಯ ಮೂಲ, ಸರಿ' ಅಂತ ಮಾತ್ರ," ಅಂದೆ.

"ಸರಿ ಅಂತವಾ?"

"ಅಷ್ಟೇ."

ಅವಳು ಸ್ವಲ್ಪ ಯೋಚಿಸಿದಳು. "ಅದಾದ್ರೆ ಹೇಳಬಹುದು. ಆದ್ರೆ ನಾನೊಬ್ಬಳೇ ಮರುಳಿಯ ಹಾಗೆ ಕೂಗಲಿಕ್ಕಿಲ್ಲ ಮಾರಾಯ್ತಿ. ಮೊದಲು ನೀನು ಹೇಳು."

ಅಣ್ಣ ನೋಡುತ್ತಿದ್ದ. ನಾನು ಎಡಗಡೆಯ ಗುಂಡಿಗೆ ಬೆರಳು ತೋರಿಸಿ, "ಬೆಂಕಿಯ ಮೂಲ, ಸರಿ," ಅಂದೆ.

"ಕೇಳಲಿಲ್ಲ," ಅಂದಳು ಅಮ್ಮ.

ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಮುಖದಿಂದ ಬೆಂಕಿ ಹೊರಡುವುದು ಎಂದರೇನು ಎಂಬುದು ಗೊತ್ತಾಯಿತು.

ಊಟವಾದ ಮೇಲೆ ಅಮ್ಮ ಸಾರು ಬಿಸಿ ಮಾಡಿಟ್ಟು ಪಾತ್ರೆ ಎತ್ತಿಕೊಂಡು ಹೊರಟವಳು ಬಾಗಿಲ ಬಳಿ ನಿಂತಳು. ಯಾರೂ ನೆನಪಿಸಲಿಲ್ಲ. ತಿರುಗಿ ಹೋಗಿ, ಬಲಗಡೆಯ ಗುಂಡಿಗೆ ಬೆರಳು ತೋರಿಸಿ, "ಬೆಂಕಿಯ ಮೂಲ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು. ಬಗ್ಗಿ ನೋಡಿದಳು. ಗುಂಡಿ ಪೂರ್ತಿ ತಿರುಗಿರಲಿಲ್ಲ. ಬರ್ನರಿನ ಅಂಚಿನಲ್ಲಿ ಕಾಣದಷ್ಟು ಸಣ್ಣದಾಗಿ ನೀಲಿ ಉರಿ ಇತ್ತು. ಅವಳು ಅದನ್ನು ಕೊನೆಯವರೆಗೆ ತಿರುಗಿಸಿ, ಬೆರಳನ್ನು ಪುನಃ ಅಲ್ಲಿಗೇ ನೀಟಿ, "ಸರಿ," ಅಂದಳು.

ಅಣ್ಣ ಊಟದ ಮೇಜಿನಿಂದ ಎಲ್ಲವನ್ನೂ ನೋಡಿದ್ದ. "ಪಾಯಸ ಇನ್ನೂ ಉಂಟಾ?" ಎಂದು ಮಾತ್ರ ಕೇಳಿದ. ಸಿಲಿಂಡರಿನ ಮಾತು ಆ ರಾತ್ರಿ ಮತ್ತೆ ಬರಲಿಲ್ಲ.

ಮರುದಿನ ಭಾನುವಾರ. ಆಗ ಇಲ್ಲಿ ಕೆಲಸದ ವಾರ ಶುರುವಾಗುತ್ತಿದ್ದದ್ದು ಭಾನುವಾರವೇ. ಅಮ್ಮ ಸ್ನಾನಕ್ಕೆ ಹೋಗಿದ್ದಳು, ಅಣ್ಣ ಎದ್ದಿರಲಿಲ್ಲ. ಚಹಾ ಮಾಡಿಕೊಂಡು ಕುಡಿದು ಲೋಟ ತೊಳೆದಿಟ್ಟೆ. ಕೆಳಗೆ ಕಂಪನಿಯ ವ್ಯಾನಿನವನು ಹಾರ್ನ್ ಮಾಡುತ್ತಿದ್ದ. ಖಾಲಿ ಅಡುಗೆಮನೆಯಲ್ಲಿ ನಿಂತು ಎರಡೂ ಗುಂಡಿಗಳಿಗೆ ಬೆರಳು ತೋರಿಸಿ, ನನ್ನ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಕೆಳಗಿಳಿದು ಹೋದೆ.