ಅಂಟಿನಲ್ಲಿ ಕೂತ ರೈಫಲ್

ಇವತ್ತು ಬೇಲೂರಿನಲ್ಲಿ ಬಡಗಿಯೊಬ್ಬ ಎರಡು ಟ್ಯೂಬಿನ ಅಂಟು ಕಲಸುತ್ತಿದ್ದ. ಆ ಘಾಟಿಗೆ ಬಿಕ್ಕೋಡಿನ ನಮ್ಮ ಬಿಸಿಲು ಜಗಲಿ ಕಣ್ಮುಂದೆ ತೇಲಿತು.

ನನ್ನ ಚಿಕ್ಕಂದಿನಲ್ಲಿ ತಾತನ ರೈಫಲ್ಲಿನ ಕಬ್ಬಿಣದ ಭಾಗ ಅದರ ಮರದ ಹಿಡಿಯಲ್ಲಿ ಅಲುಗಾಡುತ್ತಿತ್ತು. ಅಪ್ಪ ಮೊದಲ ಸಲ ತಾವೇ ಹಿಡಿಯ ಗುಳಿಗೆ ಇಂಥದೇ ಅಂಟು ತುಂಬಿ ಅದನ್ನು ಕೂರಿಸಲು ಹೊರಟರು. ಅಂಟು ಒಣಗಿದ ಮೇಲೆ ಮತ್ತೆ ಬಿಚ್ಚಿ ಬರಲೆಂದು ಕಬ್ಬಿಣಕ್ಕೆ ಬೂಟ್ ಪಾಲಿಶ್ ಸವರಿದರು.

"ಕೋವಿಗೂ ಪಾಲಿಶಾ? ಯಾರ ಮದ್ವೆಗ್ರೀ?" ಎಂದಳು ಅಮ್ಮ.

"ಸುಮ್ನಿರೇ. ಅಂಟ್ಕೊಂಡ್ರೆ ನಮ್ಮಪ್ಪನ ರೈಫಲ್ ಹಾಳಾಗೋಯ್ತದೆ."

ಮರುದಿನ ಬೆಳಿಗ್ಗೆ ಅಪ್ಪ ಉಸಿರು ಹಿಡಿದು ಕಬ್ಬಿಣವನ್ನು ಎಳೆದರು. ಟಪ್ಪೆಂದು ಬಿಟ್ಟುಕೊಂಡಿತು. ಒಣಗಿದ ಅಂಟಿನಲ್ಲಿ ಕಬ್ಬಿಣದ ಅಂಚು, ಗೀರು ಎಲ್ಲವೂ ಅಚ್ಚಾಗಿದ್ದವು. ಅಪ್ಪ ನನ್ನ ಬೆರಳನ್ನು ಅದರೊಳಗೆ ಆಡಿಸಿ, "ನೋಡು ಮಗಾ, ಹೆಂಗ್ ಕೂತೈತೆ" ಎಂದರು.

ಅಪ್ಪ ತೀರಿಹೋಗಿ ತಿಂಗಳಾಯಿತು. ಹತ್ತಿ ಹಾಸಿಗೆಯಲ್ಲಿ ಅವರು ಮಲಗುತ್ತಿದ್ದ ತಗ್ಗು ಹಾಗೇ ಇದೆ. ಕೊಡವಲು ಕೈ ಬರುತ್ತಿಲ್ಲ.