ಕುಸುಬಿ ಎಣ್ಣೆ ಕುಡಿದ ಚೈನ್ ಪುಲ್ಲಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆ ಮನೆಯ ಕಟ್ಟೆಯ ಮೇಲೂ ಕೆಂಪು ಕಲ್ಲಿನ ಪುಡಿ ಕೂತಿರುತ್ತಿದ್ದ ಕಾಲವದು. ಗಣಿಯಿಂದ ತಂದ ನುಣುಪಾದ ಚೂರುಗಳೇ ನಮ್ಮ ಕುಂಟಾಟದ ಬಿಲ್ಲೆಗಳು. ನಾನೀಗ ಹೇಳಹೊರಟಿರುವ ದಸರೆಯ ಇಸವಿಯನ್ನು ಬರೆಯಲಾರೆ. ನನ್ನ ಶಾಲೆಯ ದಾಖಲೆಗೂ ಅಣ್ಣನ ನೆನಪಿಗೂ ಒಂದು ವರ್ಷದ ಅಂತರವಿದೆ. ಮೂರನೆಯ ಆಧಾರ ದೊರೆತಿಲ್ಲ. ಖಂಡೆ ಪೂಜೆಯ, ಎಂದರೆ ಆಯುಧಪೂಜೆಯ, ಮರುದಿನ, ಬನ್ನಿ ಹಬ್ಬದಂದು ನಡೆದದ್ದು ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಅಪ್ಪ ಕಲ್ಲುಗಣಿಗಳಲ್ಲಿ ಭಾರ ಎತ್ತುವ ಯಂತ್ರಗಳನ್ನು ದುರಸ್ತಿ ಮಾಡುವ ಮಿಸ್ತ್ರಿ. ಸರಪಳಿ ಎಳೆದು ಭಾರ ಎತ್ತುವ, ಅವನ ಸ್ವಂತದ್ದೊಂದು ಚೈನ್ ಪುಲ್ಲಿ ಪಡಸಾಲೆಯ ತೊಲೆಗೆ ತೂಗುತ್ತಿತ್ತು. ಖಂಡೆ ಪೂಜೆಯ ದಿನ ಅದನ್ನು ಸೀಮೆಎಣ್ಣೆಯಿಂದ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಅಪ್ಪ ಗಣಿಯ ಪೂಜೆಗೆ ಹೋದ. ಅಪ್ಪನ ತಾಯಿ, ನಮ್ಮ ಆಯಿ, ಒಳಗಿನಿಂದ ಬಟ್ಟಲು ತುಂಬ ಬೆಚ್ಚಗಿನ ಕುಸುಬಿ ಎಣ್ಣೆ ತಂದಳು.

"ವರ್ಷಪೂರ್ತಿ ಕಲ್ಲ ಎತ್ತೇತಿ ಪಾಪ. ಮೈಕೈ ನೊಂದಿರ್ತೈತಿ," ಎಂದು, ಹಬ್ಬದ ಮುಂಜಾನೆ ನಮ್ಮ ನೆತ್ತಿಗೆ ಎರೆಯುವಂತೆಯೇ ಅದರ ನೆತ್ತಿಗೂ ಎರೆದಳು. ಹೋಳಿಗೆಯ ಘಮದೊಡನೆ ಕುಸುಬಿ ಎಣ್ಣೆಯ ಘಮವೂ ಸಂಜೆಯತನಕ ಪಡಸಾಲೆಯಲ್ಲಿ ನಿಂತಿತ್ತು.

ಆ ಯಂತ್ರದ ಒಳಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಕೈಸರಪಳಿಯನ್ನು ಎಳೆದಂತೆ ಒಳಗಿನ ಹಲ್ಲುಚಕ್ರಗಳು ತಿರುಗಿ ಭಾರವನ್ನು ಇಷ್ಟಿಷ್ಟೇ ಎತ್ತುತ್ತವೆ. ಕೈಬಿಟ್ಟರೆ ಆ ಭಾರವೇ ಬ್ರೇಕಿನ ತಟ್ಟೆಗಳನ್ನು ಒಂದಕ್ಕೊಂದು ಒತ್ತಿ, ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಹಲ್ಲುಚಕ್ರಕ್ಕೂ ಸರಪಳಿಗೂ ಜಿಡ್ಡು ಬೇಕು. ತಟ್ಟೆಗಳು ಮಾತ್ರ ಒಣಗಿಯೇ ಇರಬೇಕು.

ಮರುದಿನ ಮುಂಜಾನೆ ಆಯಿಯ ಗಬ್ಬದ ಎಮ್ಮೆ ಕರೆವ್ವ, ಮೇಯಲು ಹೋದದ್ದು, ಮಳೆನೀರು ತುಂಬಿದ ಹಳೆಯ ಗಣಿಗೆ ಬಿತ್ತು. ಸುತ್ತಲೂ ಗೋಡೆಯಂತೆ ಕಡಿದ ಕಲ್ಲು. ಅಪ್ಪನ ಗೆಳೆಯ ಹುಸೇನಸಾಬ ನೀರಿಗಿಳಿದು ಎಮ್ಮೆಯ ಹೊಟ್ಟೆಗೆ ಪಟ್ಟೆ ಬಿಗಿದ. ಅಂಚಿನಿಂದ ನೀರಿನ ಮೇಲೆ ಚಾಚಿದ್ದ ಹಳೆಯ ಕಬ್ಬಿಣದ ತೊಲೆಗೆ ಅಪ್ಪ ಪುಲ್ಲಿಯನ್ನು ತೂಗುಹಾಕಿದ.

"ಏ ಮಲ್ಯಾ, ಹಬ್ಬದ ಹೋಳಿಗಿ ಎಲ್ಲಾ ಈಕಿಗೇ ತಿನಿಸೀರೇನಲೇ?" ಎಂದು ಹುಸೇನಸಾಬ ಕೆಳಗಿನಿಂದ ಅಪ್ಪನಿಗೆ ಕೂಗಿದ.

ಸರಪಳಿ ಎಳೆಯಲು ಅಂಚಿನಲ್ಲಿ ನೆರೆದಿದ್ದ ಓಣಿಯವರೆಲ್ಲ ನಕ್ಕರು. ಕರೆವ್ವ ನೀರುಬಿಟ್ಟು ಮೇಲೆದ್ದಳು. ಅರ್ಧಕ್ಕೆ ಬಂದಾಗ ಪುಲ್ಲಿಯ ಕೊಕ್ಕೆ ಭಾರದೊಡನೆ ಕೆಳಕ್ಕೆ ಜಾರಿತು. ಎಳೆದರು, ಮತ್ತೆ ಜಾರಿತು. ಹಿಡಿತ ಬದಲಿಸುವಷ್ಟರಲ್ಲಿ ಎತ್ತಿದ್ದೆಲ್ಲ ಇಳಿದುಹೋಗುತ್ತಿತ್ತು. ಅಂಗೈಗೆ ಮಣ್ಣು ಉಜ್ಜಿಕೊಂಡು ಹಿಡಿದರೂ ಸರಪಳಿ ನಿಲ್ಲಲಿಲ್ಲ.

"ಹೆದರಬ್ಯಾಡೋ ತಮ್ಮಾ," ಎಂದಳು ಆಯಿ ಅಪ್ಪನಿಗೆ. "ನಿನ್ನೆ ಬಟ್ಟಲ ತುಂಬ ಎಣ್ಣಿ ಎರದೀನಿ. ಸರಾಗ ಬರ್ತೈತಿ, ಎಳೀರಿ."

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದ. ಬಳಿಕ, "ಇಳಸ್ರಿ," ಎಂದ.

"ಇಳಸೂದಾ? ನೀರಾಗ ಕಾಲಾಡಸೂ ತ್ರಾಣ ಇಲ್ಲ ಇದಕ್ಕ!" ಎಂದ ಹುಸೇನಸಾಬ.

"ಇಳಸ್ರಿ. ಬ್ಯಾರೆ ದಾರಿ ಇಲ್ಲ."

ಭಾರ ತೂಗುತ್ತಿರುವಾಗ ಬ್ರೇಕಿನ ಮುಚ್ಚಳ ತೆಗೆಯುವಂತಿರಲಿಲ್ಲ. ಎಮ್ಮೆಯನ್ನು ನೀರಿಗೆ ಬಿಟ್ಟು, ಅಪ್ಪ ತೊಲೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಮುಚ್ಚಳದ ತಿರುಪುಮೊಳೆ ಬಿಚ್ಚಿದ. ಕುಸುಬಿ ಎಣ್ಣೆ ಇಳಿದಿದ್ದ ತಟ್ಟೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತನ್ನ ಧೋತರದ ಸೆರಗಿನಿಂದ ಒರೆಸಿದ, ಮತ್ತೆ ಮತ್ತೆ ಒರೆಸಿದ. ಕೆಳಗೆ ಹುಸೇನಸಾಬ ಎಮ್ಮೆಯ ಗದ್ದವನ್ನು ಹೆಗಲ ಮೇಲಿಟ್ಟುಕೊಂಡು ಈಜುತ್ತಿದ್ದ. "ಲಗೂನ ಮಾಡೋ ಮಲ್ಯಾ," ಎಂಬ ಅವನ ಮಾತು ಮೊದಲು ಬೈಗುಳದಂತಿತ್ತು, ಆಮೇಲೆ ಬೇಡಿಕೆಯಾಯಿತು, ಆಮೇಲೆ ನಿಂತೇ ಹೋಯಿತು. ಅಂಚಿನಲ್ಲಿ ಆಯಿ, "ಬಾ ನನ್ನವ್ವಾ, ಬಾ," ಎಂದು ಎರಡೂ ಕೈ ಚಾಚಿದ್ದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಅಲ್ಲಿದ್ದವರು ಯಾರೂ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ.

ಈ ಸಲ ಪುಲ್ಲಿ ಒಂದು ಕೊಂಡಿಯಷ್ಟೂ ಜಾರಲಿಲ್ಲ. ಕರೆವ್ವ ನೆಟ್ಟಗೆ, ನಿಧಾನವಾಗಿ ಮೇಲೆ ಬಂದಳು. ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ.

"ಮೊದಲ ಯಾಕ ಜಾರಿತೋ?" ಎಂದು ಆಯಿ ಕೇಳಿದಳು.

ಹಗ್ಗ ಹಿಡಿದು ಮೇಲೆ ಬಂದಿದ್ದ ಹುಸೇನಸಾಬ ಬಾಯಿ ತೆರೆದ. ಅಪ್ಪ ಅವನ ತೋಳು ಹಿಡಿದ. "ಹಳೀ ಸರಪಳಿ, ಯವ್ವಾ. ಸವದೈತಿ."

"ಮುಂದಿನ ಸಲ ಇನ್ನಷ್ಟು ಎಣ್ಣಿ ಹಾಕೂಣಂತ," ಎಂದಳು ಆಯಿ, ಎಮ್ಮೆಯ ಹಣೆ ಸವರುತ್ತ.

ಹಾಗೆಯೇ ಹಾಕಿದಳು, ತಾನಿರುವತನಕ ಪ್ರತಿ ದಸರೆಗೂ. ಅಪ್ಪ ತಡೆಯಲಿಲ್ಲ. ಬನ್ನಿ ಹಬ್ಬದ ನಸುಕಿನಲ್ಲಿ ಹಿತ್ತಲಿಗೆ ಒಯ್ದು, ಪುಲ್ಲಿಯನ್ನು ಬಿಚ್ಚಿ ಒರೆಸಿ, ಅವಳು ಏಳುವ ಮೊದಲೇ ತೊಲೆಗೆ ತೂಗುಹಾಕುತ್ತಿದ್ದ.

ಈಗ ಇಳಕಲ್ಲಿನ ಗಣಿಗಳಲ್ಲಿ ಗುಂಡಿ ಒತ್ತಿದರೆ ಕಲ್ಲು ಏಳುತ್ತದೆ. ಬ್ರೇಕು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ, ಎರೆದರೂ ಎಣ್ಣೆ ಇಳಿಯದು. ಅದು ಒಳ್ಳೆಯದೇ. ಆಯಿ ಇಲ್ಲ, ಅಪ್ಪನೂ ಇಲ್ಲ. ನನಗೂ ಈಗ ಕೈ ತಪ್ಪುತ್ತದೆ, ಮರೆವು ಬರುತ್ತದೆ. ಮನೆಯವರು ಪ್ರೀತಿಯವರೇ. ನಾನೆಲ್ಲಿ ತಪ್ಪಿದೆನೆಂಬುದನ್ನು ಪ್ರತಿ ಸಲವೂ ಸ್ಪಷ್ಟವಾಗಿ, ಇದ್ದದ್ದು ಇದ್ದ ಹಾಗೆಯೇ ನನಗೆ ತಿಳಿಸಿ ಹೇಳುತ್ತಾರೆ.